ಅತ್ತೆಯ ಬರಳೆ, ಸೊಸೆಯ ಕೆಂಜಿ

ಬಹಳ ಬಹಳ ಹಿಂದೆ, ಕಡಲಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಶಂಖಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರ ಸೋಮಧರ ತೆಂಕಣ ದಂಡೆಯ ಪದ್ಮಲೆಯನ್ನು ಮದುವೆಯಾಗಿ ಬಡಗಣ ದಂಡೆಯ ಅರಮನೆಗೆ ಕರೆತಂದಿದ್ದ. ಕೆನ್ನೆಯ ಅರಿಶಿನ ಮಾಸಿರಲಿಲ್ಲ, ಅಷ್ಟರಲ್ಲೇ ಬಡಿಯಿತು ನೋಡಿ ಸಿಡಿಲು!

ದೋಣಿ ಮುಳುಗಿಸುತ್ತಿದ್ದ ಘೋರಂಡನೆಂಬ ಮಾಂತ್ರಿಕನನ್ನು ಸೋಮಧರ ಗಡಿಪಾರು ಮಾಡಿದ್ದ. ಆ ಪಾಪಿ ಸೇಡಿಗೆಂದು ಅರಮನೆಗೆ ಬಂದವನೇ ಒಂದು ಬೊಗಸೆ ಉಪ್ಪುನೀರು ಎರಚಿದ. ನಿಂತಲ್ಲೇ ರಾಜಕುಮಾರ ಮೀನಾಗಿ ಕಿಟಕಿಯಿಂದ ಕಡಲಿಗೆ ಹಾರಿದ. ಘೋರಂಡ ಪದ್ಮಲೆಯತ್ತ ತಿರುಗಿ ನಕ್ಕ.

"ತಂಗೀ, ನಾನೂ ನಿನ್ನ ತೆಂಕಣ ದಂಡೆಯವನೇ. ನಿನ್ನ ಗಂಡ ಈಗ ಕೆಂಜಿ ಮೀನು! ಹೊತ್ತು ಮುಳುಗುವುದರೊಳಗೆ ಅಂಗೈಯಲ್ಲಿ ಹಿಡಿದು ಅವನ ಹೆಸರು ಕೂಗು. ಆಗ ಅವನು ಮನುಷ್ಯ, ನಾನು ಮೀನು. ಇಲ್ಲವೋ, ಅವನಿಗೆ ಕಡಲೇ ಗತಿ!"

ಪದ್ಮಲೆ ದಂಡೆಗೆ ಓಡಿದಳು. ಮೊದಲ ದೋಣಿಯವನು ಕೆಂಜಿ ಕೊಟ್ಟ. ಗಂಡನ ಹೆಸರು ಹೇಳುವುದುಂಟೇ? ನಾಚಿಕೊಂಡೇ ಪಿಸುಗುಟ್ಟಿದಳು. ಮೀನು ಮೀನೇ. ಎರಡನೆಯ ದೋಣಿಯ ಕೆಂಜಿಗೆ ಗಟ್ಟಿಯಾಗಿ ಹೇಳಿದಳು. ಮೀನು ಮೀನೇ. ಮೂರನೆಯದಕ್ಕೆ ಅಳುತ್ತಾ ಹೇಳಿದಳು. ಊಹೂಂ! ತವರಿನ ಕೆಂಜಿಗೆ ಕೆನ್ನೆಯಲ್ಲಿ ಕಪ್ಪು ಚುಕ್ಕೆ ಇರುತ್ತದೆ, ಇವಕ್ಕಿಲ್ಲವಲ್ಲ ಅನ್ನಿಸಿತು. ಆದರೆ ಹೊಸ ಸೊಸೆ, ಊರವರನ್ನು ತಿದ್ದುವುದು ಹೇಗೆಂದು ಬಾಯಿ ಮುಚ್ಚಿಕೊಂಡಳು.

ಹೊತ್ತು ಕಡಲನ್ನು ಮುಟ್ಟಿತು. ಕಾಲೆಳೆಯುತ್ತಾ ಅರಮನೆಗೆ ಬಂದರೆ, ಅಡುಗೆಮನೆಯಲ್ಲಿ ಅತ್ತೆ ಬೊಮ್ಮಾದೇವಿ ಕಣ್ಣೊರೆಸಿಕೊಳ್ಳುತ್ತಾ ಮೀನಿಗೆ ಉಪ್ಪು ಸವರಿ, ಬೆನ್ನಿಗೆ ಕತ್ತಿ ಇಡುತ್ತಿದ್ದಳು.

"ಬೆಳಗಿನಿಂದ ನೀರೂ ಕುಡಿದಿಲ್ಲ ಮಗಳೇ, ಎರಡು ತುತ್ತು ಉಣ್ಣು. ಕೆಂಜಿಯನ್ನು ಮನೆಯೊಳಗೇ ತರಿಸಿಲ್ಲ. ಇದು ಬರಳೆ. ಪಾಪ, ತಾನಾಗಿಯೇ ಮೆಟ್ಟಿಲಿಗೆ ಹಾರಿ ಬಿತ್ತು."

ಪದ್ಮಲೆ ಮೀನಿನ ಕೆನ್ನೆ ನೋಡಿದಳು. ಕಪ್ಪು ಚುಕ್ಕೆ!

"ಅಯ್ಯಯ್ಯೋ ಅತ್ತೆ! ಕತ್ತಿ ಬಿಡಿ! ನಮ್ಮ ಕಡೆ ಇದೇ ಕೆಂಜಿ!"

ಅತ್ತೆಯ ಕೈಯಿಂದ ಕತ್ತಿ ಠಣ್ಣೆಂದು ಬಿತ್ತು. ಪದ್ಮಲೆ ಮೀನನ್ನು ಬಾಚಿಕೊಂಡು, ನಾಚಿಕೆಯನ್ನೆಲ್ಲ ಒಲೆಗೆ ಹಾಕಿ, ಊರೇ ಕೇಳುವಂತೆ ಕಿರುಚಿದಳು: "ಸೋಮಧರಾ!"

ರಾಜಕುಮಾರ ಎದ್ದು ನಿಂತ. ಮೈಯೆಲ್ಲ ಉಪ್ಪು, ಬೆನ್ನಿನ ಮೇಲೆ ಕತ್ತಿಯ ಒಂದು ಗೀರು.

"ಅವ್ವಾ," ಎಂದ ನಡುಗುತ್ತಾ, "ಮನೆಗೆ ಬಂದವನನ್ನೇ ಹೆಚ್ಚುವುದಾ?"

ಬೊಮ್ಮಾದೇವಿ ಮಗನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅಷ್ಟರಲ್ಲಿ ಅಂಗಳದಲ್ಲಿ ಏನೋ ಪಟಪಟ ಬಡಿದುಕೊಂಡಿತು. ಘೋರಂಡ ಮೀನಾಗಿ ಬಿದ್ದಿದ್ದ. ಯಾವ ಮೀನೆಂದು ಎರಡು ದಂಡೆಯವರಿಗೂ ಹೇಳಲಾಗಲಿಲ್ಲ. ಹೆಸರು ತಿಳಿಯದ್ದನ್ನು ತಿನ್ನುವವರಾರು? ಕಡಲಿಗೆ ಎಸೆದರು. ದೊಡ್ಡ ಮೀನೊಂದು ಹೆಸರು ಕೇಳದೆ ನುಂಗಿತು.

ಆಮೇಲೆ ಎಲ್ಲರೂ ನಗುನಗುತ್ತಾ ಬಾಳಿದರು. ಆದರೆ ಆ ಅರಮನೆಯಲ್ಲಿ ಅತ್ತೆ ಒಂದು ಹೆಸರು, ಸೊಸೆ ಒಂದು ಹೆಸರು ಹೇಳುವವರೆಗೆ ಯಾವ ಮೀನಿಗೂ ಕತ್ತಿ ತಾಗಿಸುತ್ತಿರಲಿಲ್ಲ. ಮೊದಲ ಮಾತು ಸೊಸೆಯದೇ.