ನಾಲ್ಕನೇ ಮಂಚದ ಅಜ್ಜಿ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ 9.40ಕ್ಕೆ ದೂರು ಠಾಣೆಗೆ ಬಂದಿತು, 10.15ಕ್ಕೆ ಎಫ್‌ಐಆರ್ ದಾಖಲಾಯಿತು. 11 ಗಂಟೆಗೆ ಇನ್‌ಸ್ಪೆಕ್ಟರ್ ಇಬ್ಬರು ಪೇದೆಗಳೊಂದಿಗೆ ಸ್ಥಳಕ್ಕೆ ಹೊರಟರು. ದೂರುದಾರರು ವಿಶ್ವವಿದ್ಯಾಲಯದ ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲೆ. ಕಳುವಾದದ್ದು ವಿದ್ಯಾರ್ಥಿಗಳು ಶುಶ್ರೂಷೆ ಕಲಿಯಲು ಬಳಸುವ ಆಳೆತ್ತರದ ಗೊಂಬೆ. ತೂಕ ಹದಿನೆಂಟು ಕಿಲೋ, ಕೂದಲು ಬಿಳಿ.

"ಮನುಷ್ಯರು ಕಾಣೆಯಾದ್ರೆ ಯಾವ ಬಟ್ಟೆ ಹಾಕಿದ್ರು ಅಂತ ಕೇಳ್ತೀವಿ. ಇದಕ್ಕೇನು ಕೇಳೋದು, ಸರ್?" ಎಂದ ಜೀಪು ಓಡಿಸುತ್ತಿದ್ದ ಪೇದೆ. ಪೊದೆಯಂಥ ಮೀಸೆಯಿದ್ದುದರಿಂದ ಠಾಣೆಯಲ್ಲಿ ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು.

"ಅದನ್ನೇ ಕೇಳು," ಎಂದರು ಇನ್‌ಸ್ಪೆಕ್ಟರ್. ತಮಾಷೆಯ ಪ್ರಶ್ನೆಗೆ ಬಂದ ಉತ್ತರವೂ ಉತ್ತರವೇ ಎಂಬುದು ಅವರ ಇಪ್ಪತ್ತಾರು ವರ್ಷದ ಅನುಭವ.

ಪ್ರಯೋಗಾಲಯದಲ್ಲಿ ಹತ್ತು ಮಂಚಗಳಿದ್ದವು. ಒಂಬತ್ತರಲ್ಲಿ ಗೊಂಬೆಗಳು ಮಲಗಿದ್ದವು, ನಾಲ್ಕನೆಯದು ಖಾಲಿ.

"ಮಕ್ಕಳು ಇದನ್ನ ನಾಲ್ಕನೇ ಮಂಚದ ಅಜ್ಜಿ ಅಂತಾರೆ," ಎಂದರು ಪ್ರಾಂಶುಪಾಲೆ. "ಶನಿವಾರ ಮಧ್ಯಾಹ್ನ ಗುಡಿಸಿ ಒರೆಸೋಕೆ ಬಾಗಿಲು ತೆಗೆದಿದ್ರು. ಭಾನುವಾರ, ಸೋಮವಾರ ರಜೆ. ಇವತ್ತು ನೋಡಿದ್ರೆ ಇಲ್ಲ."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಖಾಲಿ ಮಂಚದ ಹೊದಿಕೆಯಲ್ಲಿ ಒಂದು ಸುಕ್ಕಿಲ್ಲ. ನಾಲ್ಕು ಮೂಲೆಗಳನ್ನೂ ಬಿಗಿಯಾಗಿ ಮಡಿಸಿ ಹಾಸಿಗೆಯ ಕೆಳಗೆ ಸಿಕ್ಕಿಸಲಾಗಿತ್ತು. ಕದ್ದವರು ಹಾಸಿಗೆ ಸರಿಮಾಡಿ ಹೋಗಿದ್ದಾರೆಂದು ಪಂಚನಾಮೆಯಲ್ಲಿ ಬರೆಸಿದರು.

ಸಿಸಿಟಿವಿಯಲ್ಲಿ ಶನಿವಾರ ಮಧ್ಯಾಹ್ನ 3.22ಕ್ಕೆ ಮಾಸ್ಕ್ ಧರಿಸಿದ ಹೆಣ್ಣುಮಗಳೊಬ್ಬಳು ಗಾಲಿಕುರ್ಚಿ ತಳ್ಳಿಕೊಂಡು ಮುಂಬಾಗಿಲಿನಿಂದಲೇ ಹೊರಬಂದಳು. ಕುರ್ಚಿಯಲ್ಲಿ ಕುತ್ತಿಗೆವರೆಗೆ ಹೊದ್ದ ಬಿಳಿಗೂದಲ ಮುದುಕಿ. ಕಾವಲುಗಾರ ಎದ್ದು ನಿಂತು ಗೇಟು ಪೂರ್ತಿ ತೆರೆದ.

"ಪಕ್ಕದಲ್ಲೇ ಆಸ್ಪತ್ರೆ, ಸರ್. ದಿನಕ್ಕೆ ಇಪ್ಪತ್ತು ಕುರ್ಚಿ ಓಡಾಡ್ತವೆ," ಎಂದು ಕಾವಲುಗಾರ ತಲೆ ಕೆರೆದುಕೊಂಡ. "ಬೇಗ ಹುಷಾರಾಗಿ ಅಜ್ಜಿ ಅಂತ ಬೇರೆ ಅಂದೆ."

"ಅಜ್ಜಿ ಏನಂದ್ರು?" ಮೀಸೆ ಕೇಳಿದ.

"ಮಾತಾಡ್ಲಿಲ್ಲ. ಪಾಪ, ಸುಸ್ತಾಗಿದೆಯೇನೋ ಅಂದ್ಕೊಂಡೆ."

ದೃಶ್ಯವನ್ನು ಮೂರನೆಯ ಸಲ ನೋಡುವಾಗ ಮಹಿಳಾ ಪೇದೆ ತಟ್ಟನೆ, "ಅಲ್ಲಿ ನಿಲ್ಸಿ," ಎಂದಳು. ಇಳಿಜಾರಿಗೆ ಬಂದೊಡನೆ ಆ ಹುಡುಗಿ ಕುರ್ಚಿಯನ್ನು ತಿರುಗಿಸಿ, ತಾನು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಇಳಿಸಿದ್ದಳು.

"ನಮ್ಮಕ್ಕ ನರ್ಸು, ಸರ್. ಅಪ್ಪನ್ನ ಹೀಗೇ ಇಳಿಸ್ತಿದ್ಲು. ಇಲ್ಲಾಂದ್ರೆ ರೋಗಿ ಮುಂದಕ್ಕೆ ಬೀಳ್ತಾರಂತೆ."

"ಗೊಂಬೆ ಬಿದ್ರೆ ಏನಾಗ್ತಿತ್ತು?" ಎಂದ ಮೀಸೆ.

"ಏನೂ ಆಗ್ತಿರ್ಲಿಲ್ಲ. ನಾನು ಹೇಳ್ತಿರೋದೂ ಅದನ್ನೇ."

ಇಳಿಜಾರು ಮುಗಿದ ಮೇಲೆ ಹುಡುಗಿ ಬಗ್ಗಿ, ಗೊಂಬೆಯ ಮೊಣಕಾಲಿನ ಮೇಲಿಂದ ಸರಿದಿದ್ದ ಹೊದಿಕೆಯನ್ನು ಎಳೆದು ಮುಚ್ಚಿದಳು. ಇನ್‌ಸ್ಪೆಕ್ಟರ್ ಪ್ರಾಂಶುಪಾಲೆಯ ಕಡೆ ತಿರುಗಿದರು.

"ನಿಮ್ಮಲ್ಲೇ ಕಲಿತವರು, ಆದ್ರೆ ಈ ಕೋಣೆಗೆ ಬರೋ ಹಾಗಿಲ್ಲದವರು ಯಾರಿದಾರೆ?"

"ಪೂರಕ ಪರೀಕ್ಷೆಯವರು. ತರಗತಿ ಮುಗಿದ ಮೇಲೆ ಅವರಿಗೆ ಪ್ರವೇಶ ಇಲ್ಲ. ನಾಲ್ಕು ಜನ. ಮೂವರು ಊರಿಗೆ ಹೋಗಿದಾರೆ."

ನಾಲ್ಕನೆಯವಳ ಅರ್ಜಿ ಕಡತದಲ್ಲೇ ಇತ್ತು. ದಿನಾಂಕ ಮಾರ್ಚ್ ಮೂರು. ದಿನಕ್ಕೆ ಒಂದು ಗಂಟೆ ಪ್ರಯೋಗಾಲಯ ಬಳಸಲು ಅನುಮತಿ ಕೋರಿದ್ದಳು. ಕೆಳಗೆ ಹಸಿರು ಶಾಯಿಯಲ್ಲಿ "ಅವಕಾಶವಿಲ್ಲ" ಎಂದಿತ್ತು.

"ಸಹಿ ಯಾರದು?"

"ನಂದೇ. ನಿಯಮ ಹಾಗಿದೆ." ಪ್ರಾಂಶುಪಾಲೆ ಕಡತವನ್ನು ಮುಚ್ಚಿದರು. "ಓದಿನಲ್ಲಿ ಬುದ್ಧಿವಂತೆ. ಆದ್ರೆ ಇಂಜೆಕ್ಷನ್ ಕೊಡುವಾಗ ಪರೀಕ್ಷಕರು ಪಕ್ಕದಲ್ಲಿ ನಿಂತ್ರೆ ಕೈ ನಡುಗುತ್ತೆ. ಸೊಂಟದ ಕೆಳಗೆ, ಹೊರಮಗ್ಗುಲಿಗೆ ಚುಚ್ಚಬೇಕು. ತಪ್ಪಿದ್ರೆ ನರಕ್ಕೆ ಪೆಟ್ಟಾಗಿ ರೋಗಿಯ ಕಾಲೇ ಸ್ವಾಧೀನ ತಪ್ಪಬಹುದು. ಮೂರು ಸಲವೂ ಜಾಗ ತಪ್ಪಿದಾಳೆ. ಎಂಟು ವರ್ಷದೊಳಗೆ ಪದವಿ ಮುಗಿಸಬೇಕು. ಈ ಹತ್ತೊಂಬತ್ತರ ಪರೀಕ್ಷೆನೇ ಕೊನೇದು. ಆಮೇಲೆ ಇಲ್ಲ."

ಮಾರ್ಚ್ ಹನ್ನೆರಡು, ಬುಧವಾರ. ಅರ್ಜಿ ಹಾಕಿದ್ದ ಹುಡುಗಿ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸದಲ್ಲಿದ್ದಳು. ಒಂದು ವಾರ ರಜೆ ಹಾಕಿದ್ದಳು. ಕಾಲೇಜಿನಿಂದ ಅವಳ ಮನೆಯವರೆಗಿನ ದಾರಿಯಲ್ಲಿ ಮೀಸೆ ವಿಚಾರಿಸುತ್ತ ನಡೆದ. ಮೂಲೆಯ ದರ್ಜಿಗೆ ಚೆನ್ನಾಗಿ ನೆನಪಿತ್ತು. "ಆ ಅಜ್ಜಿ ಪುಣ್ಯ ಮಾಡಿದ್ರು ಸ್ವಾಮಿ. ಬಿಸಿಲು ಬೀಳ್ಬಾರ್ದು ಅಂತ ಮೊಮ್ಮಗಳು ನೆರಳು ಹುಡುಕಿ ಹುಡುಕಿ ತಳ್ತಿದ್ಲು."

ಸಂಜೆ 4.10ಕ್ಕೆ ಇಬ್ಬರು ಪಂಚರೊಂದಿಗೆ ಮನೆಯ ಬಾಗಿಲು ತಟ್ಟಿದರು. ತೆರೆದವಳು ತಾಯಿ.

"ಗೊಂಬೆ ವಾಪಸ್ ಒಯ್ಯೋಕೆ ಬಂದ್ರಾ? ಪರೀಕ್ಷೆವರೆಗೂ ಇಟ್ಕೋ ಅಂತ ಕಾಲೇಜಿನವರೇ ಕೊಟ್ರಂತಲ್ಲ?"

ಇನ್‌ಸ್ಪೆಕ್ಟರ್ ಒಳಗೆ ನಡೆದರು. ಒಳಕೋಣೆಯ ಮಂಚದಲ್ಲಿ ಅಜ್ಜಿ ಮಗ್ಗುಲಾಗಿ ಮಲಗಿತ್ತು. ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೊಂದು. ಹುಡುಗಿ ಸಿರಿಂಜು ಹಿಡಿದಿದ್ದಳು. ಖಾಕಿ ಕಂಡು ಅವಳ ಮುಖದ ಬಣ್ಣವೇ ಇಳಿಯಿತು.

"ಸೂಜಿ ಒಳಗಿದೆ, ಸರ್. ಮುಗಿಸಿಬಿಡ್ಲಾ?"

ಇನ್‌ಸ್ಪೆಕ್ಟರ್ ಆಗಲಿ ಎಂದು ತಲೆಯಾಡಿಸಿದರು. ಐದು ಜನ ಹೊರಗಿನವರು, ಬಾಗಿಲಲ್ಲಿ ತಾಯಿ. ಆರು ಜೊತೆ ಕಣ್ಣುಗಳ ಮುಂದೆ ಅವಳು ನಿಧಾನವಾಗಿ ಮದ್ದು ಒತ್ತಿ, "ಆಯ್ತಜ್ಜಿ, ಆಗೇ ಹೋಯ್ತು," ಎಂದು ಸೂಜಿ ಹೊರತೆಗೆದು, ಹತ್ತಿಯೊತ್ತಿ, ನಿಯಮದಂತೆ ಸೂಜಿಗೆ ಮುಚ್ಚಳ ಹಾಕದೆ ತಗಡಿನ ಡಬ್ಬಿಗೆ ಬೀಳಿಸಿದಳು. ಕೈ ನಡುಗಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು. ಪಂಚನಾಮೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ.

"ಯಾಕಮ್ಮ ತಂದೆ?"

"ಹತ್ತೊಂಬತ್ತಕ್ಕೆ ಪರೀಕ್ಷೆ."

"ವಾಪಸ್ ಯಾವಾಗ?"

"ಇಪ್ಪತ್ತಕ್ಕೆ. ಕುರ್ಚಿ ಕ್ಲಿನಿಕ್ಕಿಂದು, ಅದನ್ನ ಕೇಳಿಯೇ ತಂದಿದ್ದೆ."

"ಇದನ್ನೂ ಕೇಳ್ಬಹುದಿತ್ತಲ್ಲ?"

"ಕೇಳಿದ್ದೆ, ಸರ್."

ಗೋಡೆಯ ಮೇಲೆ ತರಗತಿಯ ಚಿತ್ರವಿತ್ತು. ಮೂವತ್ತೆಂಟು ಬಿಳಿ ಸಮವಸ್ತ್ರಗಳು. ಪ್ರತಿ ಮುಖದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಕ್ಷರ: ತೀವ್ರ ನಿಗಾ ಘಟಕ, ಹೆರಿಗೆ ವಾರ್ಡು, ಡಯಾಲಿಸಿಸ್, ಸೇನಾ ಆಸ್ಪತ್ರೆ, ಶಾಲೆಯ ನರ್ಸ್, ಹಳ್ಳಿಗಳ ಆರೋಗ್ಯ ಕಾರ್ಯಕ್ರಮ, ಉಪನ್ಯಾಸಕಿ, ವಿದೇಶ, ವಿದೇಶ. ಎರಡನೆಯ ಸಾಲಿನ ಕೊನೆಯ ಮುಖದ ಕೆಳಗೆ ಏನೂ ಇರಲಿಲ್ಲ.

"ನೀನು ಎಲ್ಲಿಗೆ ಹೋಗ್ಬೇಕು ಅಂತಿದ್ದೆ?"

"ಯಾವುದಾದ್ರೂ ವಾರ್ಡು ಸಾಕಿತ್ತು." ಅವಳು ಗೊಂಬೆಯ ಬಟ್ಟೆ ಸರಿಮಾಡುತ್ತ ಮುಂದುವರಿಸಿದಳು. "ಕ್ಲಿನಿಕ್ಕಿಗೆ ಬಂದವರು ನನ್ನನ್ನ ಸಿಸ್ಟರ್ ಅಂತ ಕರೀತಾರೆ, ಸರ್. ಅಲ್ಲ ಅನ್ಬೇಕು ಅಂತ ಬಾಯಿವರೆಗೂ ಬರುತ್ತೆ. ಅನ್ನೋದಿಲ್ಲ."

ಮಹಿಳಾ ಪೇದೆ ಕಿಟಕಿಯ ಕಡೆ ಮುಖ ತಿರುಗಿಸಿದಳು. 4.50ಕ್ಕೆ ಬಂಧನವಾಯಿತು. ಹೊರಡುವಾಗ ಹುಡುಗಿ ತಾಯಿಗೆ, "ಕಾಲೇಜಿಗೆ ಹೋಗಿ ಬರ್ತೀನಿ," ಎಂದಳು. ತಾಯಿ ಅವಳ ಚಪ್ಪಲಿಗಳನ್ನು ತಂದು ಕಾಲ ಬಳಿ ಇಟ್ಟಳು.

ಮಾರ್ಚ್ ಹದಿಮೂರು, ಗುರುವಾರ. ನ್ಯಾಯಾಧೀಶರು ಜಾಮೀನು ಕೊಟ್ಟರು. ಅದೇ ಬೆಳಿಗ್ಗೆ 11ಕ್ಕೆ ಕಾಲೇಜು ಅವಳ ಪ್ರವೇಶಪತ್ರವನ್ನು ರದ್ದುಮಾಡಿತ್ತು. ಇನ್‌ಸ್ಪೆಕ್ಟರ್ ಪ್ರಾಂಶುಪಾಲೆಗೆ ಫೋನು ಮಾಡಿದರು.

"ಇನ್ನೂ ಆರು ದಿನ ಇದೆ, ಮೇಡಂ."

"ಕ್ರಿಮಿನಲ್ ಕೇಸಿದ್ದವರು ಪರೀಕ್ಷೆಗೆ ಕೂರೋ ಹಾಗಿಲ್ಲ, ಸರ್. ಕೇಸು ಹಾಕಿದ್ದು ನೀವೇ ಅಲ್ವಾ?"

"ದೂರು ಕೊಟ್ಟಿದ್ದು ನೀವು," ಎಂದು ಹೇಳಿ ಇನ್‌ಸ್ಪೆಕ್ಟರ್ ಫೋನಿಟ್ಟರು. ಅಂದು ಅವರು ಮಧ್ಯಾಹ್ನದ ಡಬ್ಬಿ ಬಿಚ್ಚಲಿಲ್ಲ.

ಮಾರ್ಚ್ ಹದಿನಾಲ್ಕು, ಶುಕ್ರವಾರ, ಮಧ್ಯಾಹ್ನ 3 ಗಂಟೆ. ವಶಪಡಿಸಿಕೊಂಡ ಗೊಂಬೆಗೆ ಹಾನಿಯಾಗಿದೆಯೇ ಎಂದು ಪರಿಶೀಲಿಸಲು ಪ್ರಾಂಶುಪಾಲೆ ಠಾಣೆಗೆ ಬಂದರು. ಇಂಜೆಕ್ಷನ್ ಅಭ್ಯಾಸದ ರಬ್ಬರ್ ಪಟ್ಟಿಯನ್ನು ಕಳುವಿನ ಹಿಂದಿನ ದಿನವಷ್ಟೇ ಹೊಸದಾಗಿ ಕೂರಿಸಿದ್ದರಿಂದ ಅದರ ಮೇಲಿನ ಗುರುತುಗಳೆಲ್ಲ ಆರೋಪಿಯವೇ ಎಂದು ಮೊದಲು ಬರೆಸಿದರು. ಅನಂತರ ಭೂತಗನ್ನಡಿ ಹಿಡಿದು ಎಣಿಸಿದರು. ಒಂದು ಸಲ ಎಣಿಸಿ, ಕನ್ನಡಕ ಒರೆಸಿಕೊಂಡು, ಮತ್ತೆ ಮೊದಲಿನಿಂದ ಎಣಿಸಿದರು. ವರದಿಯ ಕೊನೆಯ ಸಾಲನ್ನು ಅವರೇ ಹೇಳಿದರು. ಮಹಿಳಾ ಪೇದೆ ಬರೆದುಕೊಂಡಳು:

ಒಟ್ಟು ಸೂಜಿ ಗುರುತು ಇನ್ನೂರ ಹದಿನಾಲ್ಕು. ನಿಗದಿತ ಜಾಗದಿಂದ ಹೊರಗೆ, ಒಂದೂ ಇಲ್ಲ.