ಹೊಳೆಗಲ್ಲಿಗೆ ಮೂರೇ ಸಾಲು

ಬಹಳ ಹಿಂದೆ, ಹರಿಣಾವತಿ ಹೊಳೆಯ ದಡದ ರಾಜ್ಯವೊಂದರಲ್ಲಿ ಒಂದು ಮರ್ಯಾದಸ್ಥ ಮನೆತನವಿತ್ತು. ಏಳು ತಲೆಮಾರುಗಳಿಂದ ಆ ಮನೆಯವರೇ ಅರಮನೆಯ ಕಲ್ಲುಕವಿಗಳು. ಋತು ಬದಲಾದಾಗ ಹೊಳೆಯಿಂದ ಒಂದು ನುಣುಪುಗಲ್ಲು ಎತ್ತಿ, ಅಂಗೈಯಲ್ಲಿಟ್ಟು ನೋಡಿ, ಒಂದೇ ಉಸಿರಿನಲ್ಲಿ ಮೂರು ಸಾಲು ಹೇಳುವುದು ಅವರ ಕೆಲಸ. ಕಲ್ಲಿನಲ್ಲಿ ಇಲ್ಲದ್ದನ್ನು ಹೇಳಬಾರದು. ನಾಲ್ಕನೆಯ ಸಾಲು ಕೂಡದು. ಹೇಳಿಯಾದ ಮೇಲೆ ಕಲ್ಲನ್ನು ಅದು ಮಲಗಿದ್ದ ಗುಳಿಯಲ್ಲೇ ಮಲಗಿಸಬೇಕು. ಆ ಮನೆಯವರು ಯಾರೂ ಕಲ್ಲನ್ನು ತಪ್ಪು ಜಾಗದಲ್ಲಿಟ್ಟವರಲ್ಲ, ಸುಳ್ಳು ಹೇಳಿದವರಲ್ಲ, ಊಟಕ್ಕೆ ತಡವಾಗಿ ಬಂದವರೂ ಅಲ್ಲ.

ಆ ರಾಜ್ಯಕ್ಕೆ ಡಂಬರಾಕ್ಷನೆಂಬ ಮಾಂತ್ರಿಕ ಬಂದ. ರಾಜನ ಮೀಸೆಯ ಮೇಲೆ ಸಾವಿರ ಪದ್ಯ ಹಾಡಿ ಆಸ್ಥಾನ ಸೇರಿದ. ವಸಂತದ ಮೊದಲ ದಿನ ಮುದುಕ ಕಲ್ಲುಕವಿ ಸೋಮಪ್ಪಯ್ಯ ಮೂರು ಸಾಲು ಹೇಳಿ ಕುಳಿತಾಗ ಮಾಂತ್ರಿಕ ಎದ್ದು ನಿಂತ.

"ಇಷ್ಟೇನಾ? ಪಾಪ, ತಾತನಿಗೆ ಮುಂದಿನ ಸಾಲು ಮರೆತುಹೋಯಿತು!"

ಸಭೆ ನಕ್ಕಿತು. ರಾಜನೂ ನಕ್ಕ.

"ಮುಂದಿನ ಸಾಲಿನಲ್ಲಿ ನೀವು ನಿಮ್ಮನ್ನೇ ಹೊಗಳಿಕೊಳ್ಳುತ್ತೀರಿ ಸ್ವಾಮಿ. ನಮಗೆ ಅದರ ಅಗತ್ಯ ಬಿದ್ದಿಲ್ಲ" ಎಂದರು ಸೋಮಪ್ಪಯ್ಯ.

ಮಾಂತ್ರಿಕ ಕೋಲು ಬೀಸಿದ. ಸೋಮಪ್ಪಯ್ಯ ಒಂದು ಕಲ್ಲಾದರು. ಅದನ್ನು ಅವನು ಕಿಟಕಿಯಿಂದ ಹೊಳೆಗೆ ಎಸೆದು, ಮುದುಕನ ಮನೆಯವರ ಕಡೆ ತಿರುಗಿದ.

"ಸೂರ್ಯ ಮುಳುಗುವುದರೊಳಗೆ ಹುಡುಕಿದರೆ ಮುದುಕ ನಿಮ್ಮವನು. ಆದರೆ ಒಂದೇ ಕಲ್ಲು ಎತ್ತಬೇಕು. ತಪ್ಪಿದರೆ ಅವನು ಎಂದೆಂದಿಗೂ ಕಲ್ಲೇ."

ಸೋಮಪ್ಪಯ್ಯನವರ ಮೊಮ್ಮಗಳು ಮಂದಾರೆ ಸೆರಗು ಬಿಗಿದು ಹೊಳೆಗೆ ನಡೆದಳು. ದಾರಿಯಲ್ಲಿ ಮೂರು ಪ್ರಾಣಿಗಳನ್ನು ಮಾಂತ್ರಿಕ ಮೂರು ದಿನ ಮೊದಲೇ ಕಾವಲಿಟ್ಟಿದ್ದ. ಅವನ ಮಾಟವೆಲ್ಲ ದೊಡ್ಡ ಮಾತಿನಿಂದ ಕಟ್ಟಿದ್ದು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕಳಚಿಬೀಳುತ್ತಿತ್ತು.

ಮೊದಲು ಕಬ್ಬಿಣದ ಕೊಕ್ಕಿನ ಕೊಕ್ಕರೆ. "ದೂರ ನಿಲ್ಲು! ನನ್ನ ಕಾಲ ಕೆಳಗಿರುವುದು ಉದುರಿಬಿದ್ದ ಚಂದ್ರ. ಮಾಂತ್ರಿಕರು ಹೇಳಿದ್ದಾರೆ."

ಮಂದಾರೆ ಬಗ್ಗಿ ನೋಡಿ ಹೇಳಿದಳು:

"ಕಪ್ಪು ಕಲ್ಲು.
ಕೊಕ್ಕರೆಯ ಕಾಲಿನ ಗುರುತು
ಆರುತ್ತಿದೆ."

"ಓ, ಕಲ್ಲೇ?" ಎಂದು ಕೊಕ್ಕರೆ ಹಾರಿಹೋಯಿತು.

ಎರಡನೆಯದು ಎರಡು ಬಾಲದ ಹುಲಿ. ಅದರ ಮುಂದೆ ಒಂದು ಸೀಳಿದ ಕಲ್ಲು. "ಇದರೊಳಗೆ ಏಳು ಲೋಕಗಳಿವೆಯಂತೆ. ಕಾಯ್ದು ಕಾಯ್ದು ನನಗೆ ಮೂರು ದಿನದಿಂದ ನಿದ್ದೆಯಿಲ್ಲ."

ಮಂದಾರೆ ಹೇಳಿದಳು:

"ಒಡೆದ ಕಲ್ಲು.
ಒಳಗೂ
ಕಲ್ಲೇ."

"ಬದುಕಿಕೊಂಡೆ!" ಎಂದು ಹುಲಿ ಅಲ್ಲೇ ಮಲಗಿ ಗೊರಕೆ ಹೊಡೆಯಿತು.

ಮೂರನೆಯದು ನೀಲಿ ಆನೆ. ಹೊಳೆಗೆ ಇಳಿಯುವ ಒಂದೇ ದಾರಿಗೆ ಅಡ್ಡ ನಿಂತಿತ್ತು. "ನನ್ನ ಕಾಲಡಿ ಭೂಮಿಯ ಹೊಕ್ಕುಳಿದೆ. ಕಾಲೆತ್ತಿದರೆ ಲೋಕ ಮುಳುಗುತ್ತದೆ."

ಎರಡು ಸಲ ಗೆದ್ದ ಮಂದಾರೆ ಕತ್ತೆತ್ತಿ ಹೇಳಿದಳು:

"ಏಳು ತಲೆಮಾರಿನ
ಹೆಸರಾಂತ ಮನೆಯ
ಮಗಳು ಬಂದಿದ್ದೇನೆ."

ಆನೆ ಅಲುಗಲಿಲ್ಲ. "ಇದರಲ್ಲಿ ಕಲ್ಲೆಲ್ಲಿದೆ, ತಾಯಿ?"

ಮಂದಾರೆಯ ಮುಖ ಕೆಂಪಾಯಿತು. ಮನೆಯವರು ಯಾರೂ ಮಾಡದ ತಪ್ಪನ್ನು ಅವಳು ಮಾಡಿದ್ದಳು. ಸೂರ್ಯ ಮರದ ತುದಿಗೆ ಇಳಿದಿದ್ದ. ಅವಳು ಮಂಡಿಯೂರಿ ಕುಳಿತು ಆನೆಯ ಕಾಲನ್ನು ನೋಡಿದಳು.

"ಆನೆಯ ಕಾಲಡಿ
ಸಣ್ಣ ಕಲ್ಲು.
ಚುಚ್ಚುತ್ತಿದೆ."

"ಹೌದಮ್ಮ, ಬಹಳ ಚುಚ್ಚುತ್ತಿದೆ!" ಎಂದು ಆನೆ ಕಾಲೆತ್ತಿತು. ಲೋಕ ಮುಳುಗಲಿಲ್ಲ.

ಹೊಳೆಯ ತಿಳಿನೀರಿನಲ್ಲಿ ಲಕ್ಷ ಕಲ್ಲುಗಳಿದ್ದವು. ಹಳದಿ, ಹಸಿರು, ಪಾರಿವಾಳದ ಕತ್ತಿನ ಬಣ್ಣ. ಮಂದಾರೆ ಬಣ್ಣ ನೋಡಲಿಲ್ಲ. ಪ್ರತಿ ಕಲ್ಲೂ ಮರಳಿನಲ್ಲಿ ತನ್ನದೇ ಗುಳಿ ಮಾಡಿಕೊಂಡು ಮಲಗಿತ್ತು. ಒಂದು ಮಾತ್ರ, ಮಾಸಲು ಕಂದು ಬಣ್ಣದ್ದು, ಬೇರೆ ಕಲ್ಲುಗಳ ಮೇಲೆ ಓರೆಯಾಗಿ ಬಿದ್ದಿತ್ತು. ಹೊಳೆ ತಿಳಿದವರು ಯಾರೂ ಕಲ್ಲನ್ನು ಹಾಗೆ ಇಡುವುದಿಲ್ಲ. ಎಸೆದವನು ಮಾತ್ರ ಹಾಗೆ ಬಿಟ್ಟುಹೋಗುತ್ತಾನೆ.

ಅವಳು ಅದನ್ನೇ ಎತ್ತಿದಳು.

"ಗುಳಿಯಿಲ್ಲದ ಕಲ್ಲು
ನನ್ನ ಅಂಗೈಯಲ್ಲಿ.
ಬೆಚ್ಚಗಿದೆ."

ಸೋಮಪ್ಪಯ್ಯ ಮೊಣಕಾಲುದ್ದ ನೀರಿನಲ್ಲಿ ಎದ್ದು ನಿಂತರು. ಪಂಚೆ ಹಿಂಡಿಕೊಳ್ಳುತ್ತ, "ಎರಡನೆಯ ಸಾಲಿನಲ್ಲಿ 'ನನ್ನ' ಬೇಕಿರಲಿಲ್ಲ, ಮಗು" ಎಂದರು.

"ಬೇಕಿತ್ತು, ತಾತ" ಎಂದಳು ಮಂದಾರೆ. ಸೋಮಪ್ಪಯ್ಯ ಸ್ವಲ್ಪ ಯೋಚಿಸಿ, ಇರಲಿ ಎಂದರು.

ಆ ಕ್ಷಣವೇ ಡಂಬರಾಕ್ಷನ ಕೋಲು ಹುಡಿಯಾಯಿತು. ಸಾವಿರ ಪದ್ಯಗಳೂ ಅವನಿಗೆ ಮರೆತುಹೋದವು. ಅವನನ್ನು ನೀಲಿ ಆನೆ ಗಡಿಯ ತನಕ ಬಿಟ್ಟುಬಂತು. ಹುಲಿ ನಿದ್ದೆ ಮುಗಿಸಿ ಕಾಡಿಗೆ ಹೋಯಿತು. ಊರಿನಲ್ಲಿ ಮನೆಮನೆಯಲ್ಲೂ ಪಾಯಸ ಮಾಡಿದರು. ಅಲ್ಲಿಂದ ಮುಂದೆ ಆ ಹೊಳೆಯ ದಡದಲ್ಲಿ ಮಕ್ಕಳು, ಮುದುಕರು ಎಲ್ಲರೂ ಕಲ್ಲು ಎತ್ತಿ, ಮೂರು ಸಾಲು ಹೇಳಿ, ಅದನ್ನು ಜೋಪಾನವಾಗಿ ಇಟ್ಟು, ನೆಮ್ಮದಿಯಿಂದ ಬಾಳಿದರು.

ಆದರೆ ಆ ಪಾಯಸಕ್ಕೂ ಮೊದಲು, ಅದೇ ಸಂಜೆ, ರಾಜ ತಟ್ಟೆಯ ತುಂಬ ಮುತ್ತು ತರಿಸಿದ. "ಏನು ಬೇಕೋ ಕೇಳು, ಮಗಳೇ."

ಮಂದಾರೆ ತಟ್ಟೆಯ ಕಡೆ ನೋಡಲೂ ಇಲ್ಲ. ಒದ್ದೆ ಸೆರಗಿನಲ್ಲೇ ನೆಟ್ಟಗೆ ನಿಂತಳು.

"ತುಂಬಿದ ಸಭೆಯಲ್ಲಿ ನಮ್ಮ ತಾತನನ್ನು ನೋಡಿ ನಕ್ಕಿರಿ, ಪ್ರಭು. ಎದ್ದು ನಿಂತು ಅವರ ಕ್ಷಮೆ ಕೇಳಿ."