ಜಗಲಿಗೆ ಬಾರದ ಕುಂಬಳದೀಪ

"ಇಷ್ಟು ದೊಡ್ಡದನ್ನ ಯಾಕೆ ತರೋಕೆ ಹೋದೆ? ಮನೇಲಿರೋದು ಇಬ್ಬರೇ ಹೆಂಗಸರು," ಎಂದಳು ಲೊರೀನ್, ಅಡುಗೆಮನೆಯ ಹಿಂಬಾಗಿಲನ್ನು ಅರ್ಧ ಮಾತ್ರ ತೆರೆದು.

ತನ್ನ ಹೊಲದಲ್ಲಿ ಬೆಳೆದ ಕುಂಬಳಕಾಯಿಯನ್ನು ವೆಂಡೆಲ್ ಎದೆಗವಚಿ ನಿಂತಿದ್ದ. "ಸಣ್ಣದಾದ್ರೆ ಕೈಗೆ ಕೊಟ್ಟು ಹೋಗ್ಬೇಕಾಗತ್ತೆ. ಇದಾದ್ರೆ ಒಳಗೆ ತಂದಿಡು ಅಂತೀಯ."

"ಮೂರು ವರ್ಷದಿಂದ ಇದೇ ಲೆಕ್ಕಾಚಾರವಾ?"

"ಹೂಂ. ವರ್ಷಾ ವರ್ಷಾ ದಪ್ಪ ಮಾಡ್ತಾ ಬಂದಿದೀನಿ. ನೀನು ಗಮನಿಸಲೇ ಇಲ್ಲ."

ಗಮನಿಸಿದ್ದಳು. ಅವನ ಅಂಗಿಯ ಎರಡನೇ ಗುಂಡಿ ಬೇರೆ ಬಣ್ಣದ್ದು ಎಂಬುದನ್ನೂ, ಹೊಲದ ಮಣ್ಣು ಅವನ ಉಗುರಿನಿಂದ ಎಂದೂ ಪೂರ್ತಿ ಹೋಗುವುದಿಲ್ಲ ಎಂಬುದನ್ನೂ ಗಮನಿಸಿದ್ದಳು. ಅವಳಿಗೆ ನಗು ಬಂತು, ಬಂದದ್ದಕ್ಕೆ ಭಯವೂ ಆಯಿತು. ಒಳಕೋಣೆಯಲ್ಲಿ ಅತ್ತೆ ಹೆಸ್ಟರ್ ರೇಡಿಯೋ ದನಿ ತಗ್ಗಿಸಿದ್ದು ಕೇಳಿಸಿತು.

ವೆಂಡೆಲ್ ಕಾಯಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದ. "ಮದುವೆ ಆಗ್ತೀಯಾ ಅಂತ ಎರಡು ಸಲ ಕೇಳಿದೀನಿ. ಎರಡು ಸಲಾನೂ ನೀನು ಒಳಕೋಣೆ ಕಡೆ ನೋಡ್ದೆ. ಇನ್ನು ಬಾಯಿಬಿಟ್ಟು ಕೇಳಲ್ಲ. ನಾಳೆ ಹ್ಯಾಲೋವೀನ್. ಸಂಜೆ ಏಳಕ್ಕೆ ಈ ಬೀದೀಲಿ ಬರ್ತೀನಿ. ಜಗಲಿ ಮೇಲೆ ದೀಪ ಇದ್ರೆ ಬಾಗಿಲು ತಟ್ತೀನಿ. ದೀಪ ಇಲ್ಲದ ಮನೆ ಬಾಗಿಲು ತಟ್ಟಬಾರದು, ಅದು ನಂಗೆ ಗೊತ್ತು."

"ಇಲ್ಲದಿದ್ರೆ?"

"ಮುಂದಿನ ವರ್ಷದಿಂದ ಕಾಯಿ ತರೋಕೆ ಬೇರೆಯವರನ್ನ ಕಳಿಸ್ತೀನಿ."

ಇಲಿನಾಯ್‌ನ ಆ ಊರಿನಲ್ಲಿ ಯಾರನ್ನು ಕೇಳಿದರೂ ಹೇಳಿಯಾರು, ಲೊರೀನ್‌ಳ ಗಂಡ ಡ್ವೈಟ್ ಸತ್ತ ಮೇಲೆ ಆ ಮನೆಯ ಜಗಲಿಯಲ್ಲಿ ದೀಪ ಕಂಡಿಲ್ಲವೆಂದು. ನಾಲ್ಕು ವರ್ಷದಿಂದ ಹ್ಯಾಲೋವೀನ್ ಸಂಜೆ ಮನೆಮನೆಗೆ ಮಿಠಾಯಿ ಕೇಳಲು ಚೀಲ ಹಿಡಿದು ಬರುವ ಮಕ್ಕಳು ಆ ಮೆಟ್ಟಿಲು ದಾಟಿ ಮುಂದಿನ ಮನೆಗೆ ಓಡುತ್ತಿದ್ದರು. ಹಾಗಂತ ಕುಂಬಳದಲ್ಲಿ ಮುಖ ಕೊರೆದು ಒಳಗೆ ದೀಪ ಹಚ್ಚುವುದೇನೂ ನಿಂತಿರಲಿಲ್ಲ. ಹೆಸ್ಟರ್ ಪ್ರತಿ ವರ್ಷ ಅಡುಗೆ ಚೀಟಿಗಳ ಡಬ್ಬಿಯಿಂದ ಮಗ ಬರೆದಿಟ್ಟಿದ್ದ ಕಾಗದ ತೆಗೆಯುತ್ತಿದ್ದಳು: ಓರೆಗಣ್ಣು, ಮೂರು ಹಲ್ಲಿನ ಒಂದು ಮುಖ. ಲೊರೀನ್ ಅದನ್ನು ಕಾಯಿಗೆ ಅಂಟಿಸಿ, ಗೆರೆಗುಂಟ ಮೊಳೆಯಿಂದ ಚುಚ್ಚಿ, ಚುಕ್ಕಿ ಹಿಡಿದು ಕೊರೆಯಬೇಕು. ಪರದೆ ಎಳೆದ ಅಡುಗೆಮನೆಯಲ್ಲಿ ಡ್ವೈಟ್‌ನ ಮುಖ ಉರಿಯುವುದನ್ನು ನೋಡುತ್ತ ಅತ್ತೆ ಸೊಸೆ ಸೂಪು ಕುಡಿಯಬೇಕು. ಡ್ವೈಟ್ ಒಳ್ಳೆಯವನೇ. ಆದರೆ ಒಳ್ಳೆಯವನ ನೆನಪೂ ಕಿಟಕಿ ಮುಚ್ಚಿದ ಮನೆಯಲ್ಲಿ ಉಸಿರುಗಟ್ಟಿಸುತ್ತದೆ. ಮೂವತ್ತಮೂರರ ಹೆಣ್ಣು ಆ ಮೂರು ಹಲ್ಲಿನ ಹಿಂದೆ ಸಿಕ್ಕಿಬಿದ್ದಿದ್ದಳು.

ಮರುದಿನ ಮಧ್ಯಾಹ್ನ ಅತ್ತೆಗೆ ಜೋಂಪು ಹತ್ತುವುದನ್ನೇ ಕಾದು ಲೊರೀನ್ ಚಾಕು ಹಿಡಿದಳು. ತೊಟ್ಟಿನ ಸುತ್ತ ಗಡಿಬಿಡಿಯಲ್ಲಿ ಕೊರೆದು, ನಾರು ಬೀಜ ಕೆರೆದು ತೆಗೆದಳು. ಕಾಗದವಿಲ್ಲದೆ ಮೊದಲ ಗೆರೆ ಸೊಟ್ಟಗಾಯಿತು. ಆಮೇಲೆ ದುಂಡು ಕಣ್ಣು ಬಂತು, ಬಾಯಿ ಕಿವಿಯವರೆಗೆ ಹರಿಯಿತು. ಹಲ್ಲು ಎಷ್ಟಾದವೋ ಎಣಿಸಲಿಲ್ಲ.

"ಯಾರದ್ದು ಆ ಮುಖ?"

ಹೆಸ್ಟರ್ ಕೋಲೂರಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಆ ಕಾಗದ.

"ವೆಂಡೆಲ್‌ದಲ್ಲ!" ಎಂದುಬಿಟ್ಟಳು ಲೊರೀನ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ.

"ವೆಂಡೆಲ್ ಹೆಸರು ನಾನು ಎತ್ತಿದ್ನಾ?"

ಇನ್ನು ಮುಚ್ಚಿಡಲು ಏನಿತ್ತು? "ಅತ್ತೆ, ಇವತ್ತು ಇದನ್ನ ಜಗಲಿ ಮೇಲಿಡ್ತೀನಿ. ನಂಗೆ ಅವನು ಇಷ್ಟ. ಇಲ್ಲಿ ನಂಗೆ ಉಸಿರಾಡೋಕಾಗ್ತಿಲ್ಲ."

ಹೆಸ್ಟರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಲೊರೀನ್‌ಗೆ ಎಷ್ಟೋ ಹಗುರಾಗುತ್ತಿತ್ತು.

ಏಳಕ್ಕೆ ಐದು ನಿಮಿಷವಿರುವಾಗ ಅವಳು ಕಾಯಿಯನ್ನು ಜಗಲಿಗೆ ಹೊತ್ತು ತಂದು, ಮೇಣದ ಬತ್ತಿ ಹಚ್ಚಿ, ಮುಚ್ಚಳ ಇಟ್ಟಳು. ಮುಚ್ಚಳ ಧೊಪ್ಪೆಂದು ಒಳಗೆ ಬಿದ್ದು ಬತ್ತಿ ಆರಿತು. ಚಾಕುವನ್ನು ಓರೆ ಹಿಡಿದು ಕೊರೆದರೆ ಮುಚ್ಚಳ ಅಂಚಿನ ಮೇಲೆ ಕೂರುತ್ತದೆ, ನೆಟ್ಟಗೆ ಕೊರೆದರೆ ಒಳಗೆ ಬೀಳುತ್ತದೆ. ಆ ಊರಿನ ಆರು ವರ್ಷದ ಮಕ್ಕಳಿಗೂ ಗೊತ್ತಿರುವ ಮಾತು, ಅವಸರದಲ್ಲಿ ಅವಳಿಗೇ ಮರೆತಿತ್ತು. ಮುಚ್ಚಳವಿಲ್ಲದೆ ಹಚ್ಚಿದಳು. ಗಾಳಿ ಆರಿಸಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು.

ಅಷ್ಟರಲ್ಲಿ ವೆಂಡೆಲ್‌ನ ಟ್ರಕ್ ಬಂತು. ಮನೆಯೆದುರು ನಿಧಾನವಾಯಿತು. ಕತ್ತಲ ಜಗಲಿಯನ್ನು ನೋಡಿ ಮುಂದೆ ಹೋಯಿತು. ಅವಳು ಕೂಗುವಷ್ಟರಲ್ಲಿ ಅದು ದೂರವಾಗಿತ್ತು. ಮೆಟ್ಟಿಲ ಮೇಲೆ ಕುಸಿದು ಕುಳಿತಳು.

"ಮುಚ್ಚಳ ನೆಟ್ಟಗೆ ಕೊಯ್ದಿದೀಯ, ಪೆದ್ದಿ."

ಹೆಸ್ಟರ್ ಬಂದಿದ್ದಳು, ಕೈಯಲ್ಲಿ ಹಲ್ಲುಕಡ್ಡಿಯ ಡಬ್ಬಿ.

"ಅವನು ಹೋದ, ಅತ್ತೆ."

"ಎಲ್ಲಿಗೆ ಹೋಗ್ತಾನೆ? ಈ ಬೀದಿ ಮುಂದೆ ಹಳ್ಳದ ಹತ್ರ ಮುಗಿಯತ್ತೆ. ತಿರುಗಿ ಇದೇ ದಾರೀಲಿ ಬರ್ಲೇಬೇಕು. ಹಿಡ್ಕೋ ಇದನ್ನ."

ಮುಚ್ಚಳ ಅಂಚಿನ ಮೇಲೆ ನಿಲ್ಲುವಂತೆ ಮುದುಕಿ ಅದರ ಸುತ್ತ ನಾಲ್ಕು ಹಲ್ಲುಕಡ್ಡಿ ಅಡ್ಡ ಚುಚ್ಚಿದಳು. "ಮದುವೆಯಾದ ವರ್ಷ ನಾನೂ ಹೀಗೇ ಕೊಯ್ದಿದ್ದೆ," ಎಂದಳು. ಆಮೇಲೆ ತಲೆ ಎತ್ತದೆ, "ನಂಗೇನೂ ಸಂತೋಷ ಇಲ್ಲ. ಸಂತೋಷಪಡಿ ಅಂತ ಕೇಳಬೇಡ. ನೀನು ಹೋದ್ರೆ ನಾನೊಬ್ಳೇ ಆಗ್ತೀನಿ ಅಂತ ಭಯ, ಅದಕ್ಕೇ ಆ ಕಾಗದ ವರ್ಷ ವರ್ಷ ತೆಗೀತಿದ್ದೆ. ಅವನಿಗೋಸ್ಕರ ಅಲ್ಲ."

ಲೊರೀನ್ ಅವಳ ಒರಟು ಕೈ ಹಿಡಿದುಕೊಂಡಳು. "ಪ್ರತಿ ಭಾನುವಾರ ಊಟಕ್ಕೆ ಬರ್ತೀನಿ."

"ಬುಧವಾರಾನೂ ಬಾ. ಈಗ ಕೈ ಬಿಡು, ಬತ್ತಿ ಹಚ್ಚಬೇಕು."

ಹೆಸ್ಟರೇ ಹಚ್ಚಿದಳು. ಈ ಸಲ ಜ್ವಾಲೆ ನಿಂತಿತು. ಆ ಸೊಟ್ಟಬಾಯಿಯ ಮುಖ ಬೀದಿಗೆಲ್ಲ ಹಲ್ಲು ಕಿರಿಯಿತು. ಮುದುಕಿ ಒಳಗೆ ಹೋದಳು.

ತಿರುಗಿ ಬಂದ ಟ್ರಕ್ ನಿಂತೇಬಿಟ್ಟಿತು. ವೆಂಡೆಲ್ ಇಳಿದು, ಲೊರೀನ್ ಎದುರಿಗೇ ನಿಂತಿದ್ದರೂ ಮೆಟ್ಟಿಲು ಹತ್ತಿ, ಅವಳನ್ನು ಬಳಸಿ ಹೋಗಿ ಮೊದಲು ಬಾಗಿಲು ತಟ್ಟಿದ.

"ಎದುರಿಗೇ ಇದೀನಲ್ಲ!"

"ತಟ್ತೀನಿ ಅಂತ ಹೇಳಿದ್ದೆ," ಎಂದ. ಆಮೇಲೆ ಹ್ಯಾಲೋವೀನ್ ಮಕ್ಕಳು ಬಾಗಿಲಲ್ಲಿ ಕೂಗುವ ಮಾತನ್ನೇ ಕೂಗಿದ. "ತಿಂಡಿ ಕೊಡ್ತೀಯೋ, ಕಾಟ ಕೊಡಲೋ?"

"ನಲವತ್ತಾಯ್ತು ನಿಂಗೆ, ವೇಷಾನೂ ಇಲ್ಲ. ತಿಂಡಿ ಯಾರು ಕೊಡ್ತಾರೆ?" ಎಂದು ಲೊರೀನ್ ಅವನ ಬೇರೆ ಬಣ್ಣದ ಗುಂಡಿಯ ಮೇಲೆ ಬೆರಳಿಟ್ಟು ಮುಖ ನೋಡಿದಳು. "ಕಾಟಾನೇ ಕೊಡು. ಜೀವನಪೂರ್ತಿ ಕೊಡು."

ವೆಂಡೆಲ್ ಅವಳ ಬೆರಳನ್ನು ಅಲ್ಲೇ ಒತ್ತಿ ಹಿಡಿದ. ಪಕ್ಕದ ಮನೆಯ ಮುಂದೆ ನಿಂತಿದ್ದ ಮಕ್ಕಳು ದೀಪ ಕಂಡು ಚೀಲ ಎತ್ತಿಕೊಂಡು ಇತ್ತ ಓಡಿ ಬಂದವು. ನಾಲ್ಕು ವರ್ಷದಲ್ಲಿ ಮನೆಯಲ್ಲಿ ಒಂದು ಮಿಠಾಯಿ ತಂದಿಟ್ಟವರಿರಲಿಲ್ಲ. ಲೊರೀನ್ ಕೈ ಬಾಯಿಗೆ ಹೋಯಿತು.

ಒಳಗಿನಿಂದ ಹೆಸ್ಟರ್ ಕೂಗಿದಳು. "ಮಕ್ಕಳನ್ನ ನಿಲ್ಲಿಸಿ, ಕುಂಬಳದ ಬೀಜ ಹುರೀತಿದೀನಿ! ಆ ಬಾಗಿಲು ಮುಚ್ಚಬೇಡಿ, ತೆಗೆದೇ ಇರ್ಲಿ!"